23 ಜನ, 260 ಡಾಲರ್: ಈ ಸೀಸನ್ನಿನ ನನ್ನ ತಂಡ, ನಿಮ್ಮ ಪ್ರಶ್ನೆಗಳು

ಅರಿಜೋನಾ, ಫ್ಲೋರಿಡಾದಲ್ಲಿ ಸ್ಪ್ರಿಂಗ್ ಟ್ರೇನಿಂಗ್ (ಬೇಸ್‌ಬಾಲ್ ಸೀಸನ್ನಿಗೆ ಮುಂಚಿನ ಅಭ್ಯಾಸ) ಶುರುವಾಯ್ತು ಅಂದರೆ ಈ ಅಂಕಣಕ್ಕೆ ಪತ್ರಗಳೂ ಶುರು. ಈ ಸಲ ಎಲ್ಲರೂ ಸುತ್ತಿ ಬಳಸಿ ಕೇಳಿರುವುದು ಒಂದೇ: ಫ್ಯಾಂಟಸಿ ಬೇಸ್‌ಬಾಲ್ ತಂಡ ಕಟ್ಟುವಾಗ ಯಾರ ಮೇಲೆ ಎಷ್ಟು ಹಣ ಹಾಕಬೇಕು? ನಮ್ಮ ಲೀಗಿನ ಹರಾಜು ಮಾರ್ಚ್ 22ರ ಭಾನುವಾರ. ಅದಕ್ಕೆ ಮೂರು ದಿನ ಕಳೆದರೆ 2026ರ ಮೊದಲ ಪಂದ್ಯ. ನನ್ನ ರೋಸ್ಟರ್ ಹಾಳೆಯನ್ನು, ಅಂದರೆ ತಂಡದ ಪಟ್ಟಿಯನ್ನು, ಪಕ್ಕದಲ್ಲೇ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ಆಫೀಸಿನವರು ತಮ್ಮ ಲೀಗಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. 12 ತಂಡ, ಹರಾಜು, ತಲಾ 260 ಡಾಲರ್ ಅಂತಾರೆ. ಬೇಸ್‌ಬಾಲ್ ನೋಡಿದ್ದೇನೆ, ಆದರೆ ಈ ಲೆಕ್ಕ ತಲೆಗೆ ಹೋಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? (ಓದುಗರು, ನ್ಯೂಜೆರ್ಸಿ)

ಮೊದಲು 260 ಡಾಲರ್ ಬಗ್ಗೆ ಹೇಳುತ್ತೇನೆ. ಅದು ಆಟದ ದುಡ್ಡು, ನಿಮ್ಮ ಜೇಬಿನದ್ದಲ್ಲ. ಆ ಹಣದಲ್ಲಿ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ 23 ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. 14 ಬ್ಯಾಟರ್‌ಗಳು, 9 ಪಿಚರ್‌ಗಳು (ಚೆಂಡು ಎಸೆಯುವವರು). ಆಮೇಲೆ ಆರು ತಿಂಗಳು ಅವರು ನಿಜವಾದ ಮೈದಾನದಲ್ಲಿ ಮಾಡಿದ್ದೆಲ್ಲ ನಿಮ್ಮ ಖಾತೆಗೆ ಬರುತ್ತದೆ.

ಲೆಕ್ಕಕ್ಕೆ ಹತ್ತು ಕಾಲಂ ಇವೆ. ಬ್ಯಾಟಿಂಗಿಗೆ ಐದು: ಆವರೇಜ್ (ಅಟ್-ಬ್ಯಾಟ್, ಅಂದರೆ ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಅನ್ನುವುದು; .250 ಅಂದರೆ ನಾಲ್ಕಕ್ಕೆ ಒಂದು), ಹೋಮ್‌ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ), ಆರ್‌ಬಿಐ (ತನ್ನ ಬ್ಯಾಟಿನಿಂದ ತಂಡಕ್ಕೆ ತಂದ ರನ್), ರನ್, ಸ್ಟೀಲ್ (ಪಿಚರ್ ಎಸೆಯುವಾಗಲೇ ಓಡಿ ಮುಂದಿನ ಬೇಸ್ ಹಿಡಿಯುವುದು). ಪಿಚಿಂಗಿಗೆ ಐದು: ಗೆಲುವು, ಸೇವ್ (ಪಂದ್ಯದ ಕೊನೆಗೆ ಬಂದು ಸಣ್ಣ ಮುನ್ನಡೆ ಕಾಯುವುದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡುವುದು), ಇಆರ್‌ಎ, ವಿಪ್. ಇಆರ್‌ಎ ಅಂದರೆ ಒಬ್ಬ ಪಿಚರ್ ಒಂಬತ್ತು ಇನ್ನಿಂಗ್ಸಿಗೆ ಎಷ್ಟು ರನ್ ಬಿಟ್ಟುಕೊಡುತ್ತಾನೆ ಅನ್ನುವ ಲೆಕ್ಕ. ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರಲ್ಲ. ವಿಪ್ ಅಂದರೆ ಒಂದು ಇನ್ನಿಂಗ್ಸಿಗೆ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಮತ್ತು ಹಿಟ್ ಸೇರಿ ಎಷ್ಟು ಜನರನ್ನು ಬೇಸ್‌ಗೆ ಬಿಟ್ಟ ಅನ್ನುವುದು. ಒಂದೊಂದು ಕಾಲಂನಲ್ಲೂ ಮೊದಲು ಬಂದವರಿಗೆ 12 ಅಂಕ, ಕೊನೆಯವರಿಗೆ 1. ಹತ್ತೂ ಕಾಲಂ ಗೆದ್ದರೆ 120.

1980ರಲ್ಲಿ ಡೇನಿಯಲ್ ಓಕ್ರೆಂಟ್ ಅನ್ನುವ ಪತ್ರಕರ್ತರು ನ್ಯೂಯಾರ್ಕಿನಲ್ಲಿ ಗೆಳೆಯರ ಜೊತೆ ಈ ಆಟ ಶುರು ಮಾಡಿದರು. ಅವರು ಸೇರುತ್ತಿದ್ದ ರೆಸ್ಟೋರೆಂಟಿನ ಹೆಸರೇ ಆಟಕ್ಕೂ ಬಂತು: ರೋಟಿಸರಿ. ಆಗ ಎಂಟೇ ಕಾಲಂ ಇದ್ದವು. ರನ್, ಸ್ಟ್ರೈಕ್‌ಔಟ್ ಎರಡೂ ಆಮೇಲೆ ಸೇರಿದ್ದು.

ನೀವು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಲೀಗಿನ ಕಳೆದ ವರ್ಷದ ಪಟ್ಟಿ ಕೇಳಿ ತೆಗೆದುಕೊಳ್ಳಿ. ಪ್ರತಿ ಕಾಲಂನಲ್ಲಿ ಮೂರನೇ ಸ್ಥಾನ ಬಂದವರ ಒಟ್ಟು ಎಷ್ಟಿತ್ತು ಅಂತ ಬರೆದುಕೊಳ್ಳಿ. ನಿಮ್ಮ ಗುರಿ ಅದೇ. ಎಲ್ಲದರಲ್ಲೂ ಮೊದಲು ಬರುವ ತಂಡವನ್ನು 260 ಡಾಲರಿನಲ್ಲಿ ಕೊಳ್ಳಲು ಆಗಲ್ಲ. ಎಲ್ಲದರಲ್ಲೂ ಮೂರನೇ ಸ್ಥಾನದ ಹತ್ತಿರ ಇರುವ ತಂಡ ಕೊಳ್ಳಬಹುದು. ಅಂಥ ತಂಡ 100 ಅಂಕ ಮುಟ್ಟುತ್ತದೆ. ನಮ್ಮ ಲೀಗಿನಲ್ಲಿ 100 ಮುಟ್ಟಿದವರು ಸೋತಿದ್ದು ಬಹಳ ಕಮ್ಮಿ.

ಪ್ರಶ್ನೆ: ಪ್ರತಿ ವರ್ಷ ನಮಗೆಲ್ಲ ಬುದ್ಧಿ ಹೇಳ್ತೀರಿ, ನಿಮ್ಮ ತಂಡ ಮಾತ್ರ ತೋರಿಸಲ್ಲ! ಈ ಸಲ ಯಾರನ್ನು ಉಳಿಸಿಕೊಂಡಿದ್ದೀರಿ? (ಓದುಗರು, ಷಿಕಾಗೊ)

ತೋರಿಸ್ತೀನಿ. ನಮ್ಮದು ಕೀಪರ್ ಲೀಗ್. ಹಳೆಯ ತಂಡದಿಂದ ಐದು ಜನರನ್ನು ಹಳೆಯ ಬೆಲೆಗೇ ಇಟ್ಟುಕೊಳ್ಳಬಹುದು. ನಾನು ಇಟ್ಟುಕೊಂಡವರು ಇವರು: ಕ್ಯಾಲ್ ರಾಲೀ 14 ಡಾಲರ್, ನಿಕ್ ಕರ್ಟ್ಜ್ 6, ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ 9, ಎಲಿ ಡಿ ಲಾ ಕ್ರೂಜ್ 32, ಮೇಸನ್ ಮಿಲ್ಲರ್ 12. ಒಟ್ಟು 73. ಉಳಿದದ್ದು 187 ಡಾಲರ್, ತುಂಬಬೇಕಾದ ಜಾಗ 18.

ರಾಲೀ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಿಯಾಟಲ್ ಮ್ಯಾರಿನರ್ಸ್‌ನ ಈ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆದದ್ದನ್ನು ಹಿಡಿಯುವವರು) 2025ರಲ್ಲಿ 60 ಹೋಮ್‌ರನ್ ಹೊಡೆದರು. ಅದಕ್ಕೆ ಮುಂಚೆ ಕ್ಯಾಚರ್‌ಗಳ ದಾಖಲೆ ಇದ್ದದ್ದು ಸಾಲ್ವಡೋರ್ ಪೆರೆಜ್ ಅವರ 48, 2021ರದ್ದು. ಎಲ್ಲರೂ ಆ 60ನ್ನೇ ನೋಡುತ್ತಾರೆ. ನಾನು ನೋಡುವುದು 159ನ್ನು. ಅವರು ಆಡಿದ ಪಂದ್ಯಗಳು ಅಷ್ಟು. ಕ್ಯಾಚರ್ ಕೆಲಸ ಮೊಣಕಾಲು ಹಿಂಡಿಬಿಡುವ ಕೆಲಸ. ಅದಕ್ಕೇ ಬಹಳಷ್ಟು ಕ್ಯಾಚರ್‌ಗಳಿಗೆ ವಾರದಲ್ಲಿ ಎರಡು ದಿನ ರಜೆ ಸಿಗುತ್ತದೆ, ಆ ದಿನ ನಿಮ್ಮ ಖಾತೆಗೆ ಏನೂ ಬರಲ್ಲ. ರಾಲೀ ಗ್ಲೌಸ್ ಹಾಕದ ದಿನವೂ ಡೆಸಿಗ್ನೇಟೆಡ್ ಹಿಟರ್ (ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವವನು) ಆಗಿ ಬ್ಯಾಟ್ ಹಿಡಿದರು. ಮತ್ತೆ 60 ಹೊಡೆಯುತ್ತಾರೆ ಅಂತ ನಾನು ನಂಬಿಲ್ಲ. ನನ್ನ ಹಾಳೆಯಲ್ಲಿ ಅವರ ಹೆಸರಿನ ಮುಂದೆ 42 ಅಂತ ಬರೆದಿದ್ದೇನೆ. ಕ್ಯಾಚರ್ ಜಾಗದಿಂದ 42 ಬಂದರೂ ಬೇರೆ ಯಾರ ಹತ್ತಿರವೂ ಅಂಥದ್ದು ಇರಲ್ಲ.

ಕ್ರೋ-ಆರ್ಮ್‌ಸ್ಟ್ರಾಂಗ್ ವಿಷಯದಲ್ಲಿ ನನಗೂ ಭಯ ಇದೆ. 31 ಹೋಮ್‌ರನ್, 35 ಸ್ಟೀಲ್. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ 31ರಲ್ಲಿ 25 ಜುಲೈ ಮಧ್ಯದ ಆಲ್-ಸ್ಟಾರ್ ವಿರಾಮಕ್ಕೆ ಮೊದಲೇ ಬಂದವು. ಆಮೇಲೆ ಬರೀ 6. ದೂರ ಹೋಗುವ ಚೆಂಡಿಗೆಲ್ಲ ಬ್ಯಾಟ್ ಬೀಸುವ ಅಭ್ಯಾಸ ಅವರಿಗಿದೆ, ಪಿಚರ್‌ಗಳು ಅದನ್ನು ಕಂಡುಹಿಡಿದರು. ಆದರೂ ಯಾಕೆ ಇಟ್ಟುಕೊಂಡೆ? ಸೆಂಟರ್‌ಫೀಲ್ಡಿನಲ್ಲಿ ಅವರ ಫೀಲ್ಡಿಂಗ್ ಎಷ್ಟು ಚೆನ್ನಾಗಿದೆ ಅಂದರೆ, ಬ್ಯಾಟ್ ಎರಡು ವಾರ ಮಲಗಿದರೂ ಅವರ ತಂಡ ಕಬ್ಸ್ ಅವರನ್ನು ಕೂರಿಸಲ್ಲ. ಫ್ಯಾಂಟಸಿಯಲ್ಲಿ ಫೀಲ್ಡಿಂಗಿಗೆ ಅಂಕ ಇಲ್ಲ, ನಿಜ. ಆದರೆ ಆಟಗಾರನನ್ನು ದಿನಾ ಮೈದಾನಕ್ಕೆ ಇಳಿಸುವುದು ಎಷ್ಟೋ ಸಲ ಫೀಲ್ಡಿಂಗೇ. ದಿನಾ ಆಡುವವನಿಗೆ 9 ಡಾಲರ್ ಜಾಸ್ತಿ ಆಗಲ್ಲ.

ಡಿ ಲಾ ಕ್ರೂಜ್ 2024ರಲ್ಲಿ 67 ಸ್ಟೀಲ್ ಮಾಡಿದ್ದರು, 2025ರಲ್ಲಿ 37ಕ್ಕೆ ಇಳಿದರು. ತೊಡೆಯ ಸ್ನಾಯುವಿನ ಪೆಟ್ಟು ಇಟ್ಟುಕೊಂಡೇ ಸೀಸನ್ನಿನ ಕೊನೆಯ ಭಾಗ ಆಡಿದರು, ಆದರೂ 162ಕ್ಕೆ 162 ಪಂದ್ಯ ಆಡಿದರು. ಚಳಿಗಾಲದ ವಿಶ್ರಾಂತಿ ಆದ ಕಾಲು ಅದು. ನಾನು 50 ಸ್ಟೀಲ್ ಬರೆದುಕೊಂಡಿದ್ದೇನೆ.

ಮೇಜರ್ ಲೀಗಿನಲ್ಲಿ ಅಮೆರಿಕನ್, ನ್ಯಾಷನಲ್ ಅಂತ ಎರಡು ಭಾಗ; ಕರ್ಟ್ಜ್ ಕಳೆದ ಸಲ ಅಮೆರಿಕನ್ ಲೀಗಿನ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಶ್ರೇಷ್ಠ ಹೊಸಬ. 117 ಪಂದ್ಯದಲ್ಲಿ 36 ಹೋಮ್‌ರನ್. ಜುಲೈನಲ್ಲಿ ಹ್ಯೂಸ್ಟನ್ನಿನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೊಡೆದ ರಾತ್ರಿ ನಾನು ಟಿವಿ ಮುಂದೆ ಎದ್ದು ನಿಂತುಬಿಟ್ಟಿದ್ದೆ. ಎಡಗೈ ಪಿಚರ್ ಎದುರು ಇನ್ನೂ ತಡವರಿಸುತ್ತಾರೆ. 6 ಡಾಲರಿಗೆ ಅದನ್ನು ಸಹಿಸಿಕೊಳ್ಳಬಹುದು.

ಪ್ರಶ್ನೆ: ನಿಮ್ಮ ಪಟ್ಟಿ ನೋಡಿದರೆ ಹೋಮ್‌ರನ್ ಜಾಸ್ತಿ, ಆವರೇಜ್ ಕಮ್ಮಿ ಅನ್ನಿಸುತ್ತದೆ. ನನ್ನ ತಂಡದ್ದೂ ಅದೇ ಕಥೆ. .240 ಹೊಡೆಯುವವನು ಒಬ್ಬನಿದ್ದರೆ ನಿಜವಾಗಿ ಎಷ್ಟು ನಷ್ಟ? (ಓದುಗರು, ಫೀನಿಕ್ಸ್)

ನನ್ನ ಕೀಪರ್‌ಗಳ ಪಟ್ಟಿಯನ್ನು ಕಳೆದ ತಿಂಗಳೇ ಓದುಗರಲ್ಲಿ ಕೆಲವರಿಗೆ ಕಳಿಸಿದ್ದೆ. ನೀವು ಅದನ್ನು ಚೆನ್ನಾಗಿ ನೋಡಿದ್ದೀರಿ. ಆ ನಾಲ್ಕು ಬ್ಯಾಟರ್‌ಗಳು 2025ರಲ್ಲಿ ಹೊಡೆದ ಹೋಮ್‌ರನ್ ಒಟ್ಟು 149. ಆದರೆ ರಾಲೀ ಮತ್ತು ಕ್ರೋ-ಆರ್ಮ್‌ಸ್ಟ್ರಾಂಗ್ ಇಬ್ಬರೂ .247, ಡಿ ಲಾ ಕ್ರೂಜ್ .264. ಕರ್ಟ್ಜ್ ಒಬ್ಬರದೇ .290.

ಪೆನ್ಸಿಲ್ ಹಿಡಿದು ಲೆಕ್ಕ ಹಾಕೋಣ. 14 ಬ್ಯಾಟರ್‌ಗಳಿಗೆ ತಲಾ ಸುಮಾರು 500 ಅಟ್-ಬ್ಯಾಟ್ ಅಂದರೆ ತಂಡಕ್ಕೆ 7,000. ಒಬ್ಬ ಬ್ಯಾಟರ್ 600 ಅಟ್-ಬ್ಯಾಟ್‌ನಲ್ಲಿ .267ರ ಬದಲು .247 ಹೊಡೆದರೆ ಕಮ್ಮಿ ಆಗುವುದು 12 ಹಿಟ್. 7,000ದಲ್ಲಿ 12 ಅಂದರೆ ತಂಡದ ಆವರೇಜ್ .002ಕ್ಕಿಂತ ಕಮ್ಮಿ ಇಳಿಯುತ್ತದೆ. ಒಬ್ಬನಾದರೆ ಒಂದು ಸ್ಥಾನ ಹೋಗಬಹುದು. ಅಂಥವರು ನಾಲ್ಕು ಜನ ಆದರೆ ಕಾಲಂ ಪೂರ್ತಿ ಕೈಬಿಟ್ಟ ಹಾಗೆ.

ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಹೋಮ್‌ರನ್ ಕೂಡುತ್ತಾ ಹೋಗುತ್ತದೆ, ಆವರೇಜ್ ಕೂಡಲ್ಲ, ಹಂಚಿಕೊಳ್ಳುತ್ತದೆ. .310 ಹೊಡೆಯುವವನು ಬರೀ 250 ಅಟ್-ಬ್ಯಾಟ್ ಆಡಿದರೆ ನಿಮ್ಮ ಆವರೇಜಿಗೆ ಅವನಿಂದ ದೊಡ್ಡ ಸಹಾಯ ಏನಿಲ್ಲ. ಅದೇ .300 ಹೊಡೆದು 600 ಆಡುವವನು ನಿಮ್ಮ ಇಬ್ಬರು ರಾಲೀಗಳ ಭಾರ ಹೊರುತ್ತಾನೆ. ಹಾಗಾಗಿ ಈ ಸಲ ನಾನು ಟ್ರೇ ಟರ್ನರ್ ಹಿಂದೆ ಬಿದ್ದಿದ್ದೇನೆ. 2025ರಲ್ಲಿ .304 ಹೊಡೆದು ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದರು, ಜೊತೆಗೆ 36 ಸ್ಟೀಲ್. 30 ದಾಟಿದ ಕಾಲು ಅಂತ ಕೆಲವರು ಹಿಂಜರಿಯುತ್ತಾರೆ, ಅದು ನನಗೇ ಒಳ್ಳೆಯದು. 28 ಡಾಲರ್ ತನಕ ಹೋಗುತ್ತೇನೆ. ಅವರು ಸಿಗದಿದ್ದರೆ ಬೊ ಬಿಷೆಟ್. ಅವರು ಕಳೆದ ಸಲ .311 ಹೊಡೆದರು, ಆದರೆ ಈಗ ಓಡುವುದು ಬಿಟ್ಟಿದ್ದಾರೆ. ನನಗೆ ಸ್ಟೀಲ್ ಸಾಕಷ್ಟು ಇರುವುದರಿಂದ ಅದು ಕೊರತೆ ಅಲ್ಲ. ನಿಮ್ಮ ತಂಡದಲ್ಲಿ ಸ್ಟೀಲ್ ಇಲ್ಲದಿದ್ದರೆ ಅದೇ ಬಿಷೆಟ್ ನಿಮಗೆ ಐದು ಡಾಲರ್ ಕಮ್ಮಿ ಬೆಲೆಯವರು. ಆಟಗಾರನಿಗೆ ಒಂದೇ ಬೆಲೆ ಇಲ್ಲ. ಕೊಳ್ಳುವ ತಂಡ ನೋಡಿ ಬೆಲೆ.

ಪ್ರಶ್ನೆ: ಹ್ವಾನ್ ಸೋಟೊ ಕಳೆದ ವರ್ಷ 38 ಸ್ಟೀಲ್ ಮಾಡಿಬಿಟ್ಟರು! ಆ ಲೆಕ್ಕದಲ್ಲಿ ದುಡ್ಡು ಕೊಡಬೇಕಾ? (ಓದುಗರು, ಕ್ವೀನ್ಸ್, ನ್ಯೂಯಾರ್ಕ್)

ಕೊಡಬೇಡಿ. ಅವರನ್ನು ಕೊಳ್ಳಿ, ಆದರೆ 38ಕ್ಕೆ ಕೊಡಬೇಡಿ.

2025ಕ್ಕೆ ಮುಂಚೆ ಸೋಟೊ ಒಂದು ವರ್ಷದಲ್ಲಿ ಜಾಸ್ತಿ ಅಂದರೆ 12 ಸ್ಟೀಲ್ ಮಾಡಿದ್ದರು. ಅವರ ಕಾಲು ಒಮ್ಮೆಲೇ ಚುರುಕಾಗಲಿಲ್ಲ. ಪಿಚರ್ ಯಾವಾಗ ಚೆಂಡು ಬಿಡುತ್ತಾನೆ ಅಂತ ಓದುವುದನ್ನು ಕಲಿತರು. ಅವರ ತಂಡ ಮೆಟ್ಸ್‌ನ ಫಸ್ಟ್ ಬೇಸ್ ಕೋಚ್ ಆಗಿದ್ದ ಆಂಟ್ವಾನ್ ರಿಚರ್ಡ್‌ಸನ್ ಅವರಿಗೆ ಇದರ ಶ್ರೇಯ ಸಲ್ಲಬೇಕು. ಅವರು ಈಗ ಅಟ್ಲಾಂಟಾ ಬ್ರೇವ್ಸ್ ಸೇರಿದ್ದಾರೆ. ಕಲಿತದ್ದು ಸೋಟೊ ಹತ್ತಿರವೇ ಇರುತ್ತದೆ, ಆದರೆ ದಿನಾ ಕಿವಿಯಲ್ಲಿ ಹೇಳುವವರು ಇಲ್ಲ. ನನ್ನ ಅಂದಾಜು 20 ಸ್ಟೀಲ್. 43 ಹೋಮ್‌ರನ್, 120 ರನ್ ಹಾಕಿದ ಕೈ ಅದು, 20 ಸ್ಟೀಲ್ ಬಂದರೂ ಮೊದಲ ಸಾಲಿನ ಆಟಗಾರನೇ.

ಸ್ಟೀಲ್ ಬಗ್ಗೆ ಹಳೆಯ ಆಟಗಾರರು ತಮ್ಮ ಹಳೆಯ ಬೆಲೆ ಮರೆಯಬೇಕು. 2023ರಲ್ಲಿ ನಿಯಮ ಬದಲಾಯಿತು. ಬೇಸ್ 15 ಇಂಚಿನಿಂದ 18 ಇಂಚಾಯಿತು. ಪಿಚರ್ ಒಬ್ಬ ಬ್ಯಾಟರ್‌ಗೆ ಎಸೆಯುವಾಗ ಎರಡೇ ಸಲ ದಂಡ ಇಲ್ಲದೆ ರಬ್ಬರ್ (ಪಿಚರ್ ಕಾಲಿಡುವ ಪಟ್ಟಿ) ಬಿಟ್ಟು ಇಳಿಯಬಹುದು, ಹಾಗಾಗಿ ಓಟಗಾರನನ್ನು ಪದೇ ಪದೇ ತಡೆಯಲು ಆಗಲ್ಲ. 2022ರಲ್ಲಿ ಇಡೀ ಮೇಜರ್ ಲೀಗಿನಲ್ಲಿ 2,486 ಸ್ಟೀಲ್ ಇದ್ದವು. 2023ರಲ್ಲಿ 3,503. ಮೊದಲು 20 ಸ್ಟೀಲ್ ಅಂದರೆ ಚಿನ್ನ. ಈಗ ಅಷ್ಟನ್ನು ಸುಮಾರು ಜನ ಕೊಡುತ್ತಾರೆ. ಸ್ಟೀಲ್ ಬಿಟ್ಟು ಬೇರೇನೂ ಮಾಡದವನಿಗೆ ಸುಮ್ನೆ 15 ಡಾಲರ್ ಸುರಿಯಬೇಡಿ.

ಪ್ರಶ್ನೆ: ಸ್ಕೂಬಲ್, ಸ್ಕೀನ್ಸ್, ಕ್ರೋಶೆ. ಈ ಮೂವರಲ್ಲಿ ಒಬ್ಬರನ್ನು ಎಷ್ಟಾದರೂ ಕೊಟ್ಟು ತರಬೇಕು ಅಂತ ನಮ್ಮ ಮನೆಯವರು. ಪಿಚರ್‌ಗೆ ಅಷ್ಟು ಸುರಿಯಬೇಡ ಅಂತ ನಾನು. ನೀವೇ ತೀರ್ಪು ಹೇಳಿ. (ಓದುಗರು, ಬಾಸ್ಟನ್)

ಒಬ್ಬರನ್ನು ತನ್ನಿ, ಇಬ್ಬರು ಬೇಡ. ಇದು ನಾನು ಪೆಟ್ಟು ತಿಂದು ಕಲಿತದ್ದು.

ಕೆಲವು ವರ್ಷದ ಹಿಂದೆ ಇಬ್ಬರು ದೊಡ್ಡ ಪಿಚರ್‌ಗಳಿಗೆ 84 ಡಾಲರ್ ಹಾಕಿದೆ. ಏಪ್ರಿಲ್ ಮೂರನೇ ವಾರ ಒಬ್ಬರ ಪಂದ್ಯ ನೋಡುತ್ತಿದ್ದೆ. ನಾಲ್ಕನೇ ಇನ್ನಿಂಗ್ಸ್. ಒಂದು ಚೆಂಡು ಎಸೆದು ಬಲಗೈಯನ್ನು ಕೆಳಗೆ ಬಿಟ್ಟು ಎರಡು ಸಲ ಜಾಡಿಸಿದರು. ಮುಂದಿನ ಚೆಂಡಿನ ವೇಗ ಗಂಟೆಗೆ ನಾಲ್ಕು ಮೈಲಿ ಕಮ್ಮಿ. ಟ್ರೇನರ್ ಓಡಿ ಬಂದರು. ನಾನು ಅಲ್ಲೇ ಹಾಳೆ ತೆಗೆದು ಅವರ ಹೆಸರಿನ ಮೇಲೆ ಗೆರೆ ಎಳೆದೆ, ಡಾಕ್ಟರ್ ಮಾತಿಗೂ ಕಾಯಲಿಲ್ಲ. ಹತ್ತು ದಿನಕ್ಕೆ ಸುದ್ದಿ ಬಂತು: ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಈ ಆಪರೇಷನ್ ಮೊದಲು ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಹರಿದ ಮೊಣಕೈ ಲಿಗಮೆಂಟ್ ಜಾಗಕ್ಕೆ ಬೇರೆ ಕಡೆಯ ಟೆಂಡನ್ ತಂದು ಕೂರಿಸುತ್ತಾರೆ. ಮತ್ತೆ ಎಸೆಯಲು ವರ್ಷದ ಮೇಲೇ ಬೇಕು. ನನ್ನ 40 ಡಾಲರ್ ಅಲ್ಲಿಗೆ ಹೋಯಿತು. ಆ ಜಾಗಕ್ಕೆ ಯಾರ್ಯಾರನ್ನೋ ತಂದು ಹಾಕಿ ಇಆರ್‌ಎ, ವಿಪ್ ಎರಡೂ ಕೆಡಿಸಿಕೊಂಡೆ.

ಆದರೂ ಒಬ್ಬರು ಬೇಕು. ಸ್ಕೂಬಲ್ 2025ರಲ್ಲಿ ಇಆರ್‌ಎ 2.21, ಸ್ಟ್ರೈಕ್‌ಔಟ್ 241. ಕ್ರೋಶೆ 2.59, 255. ಸ್ಕೀನ್ಸ್ 1.97, 216. ಇಷ್ಟು ಒಳ್ಳೆಯ ಇಆರ್‌ಎ ಜೊತೆ ಸುಮಾರು 200 ಇನ್ನಿಂಗ್ಸ್ ಇರುವವನು ಬಂದರೆ ನಿಮ್ಮ ಉಳಿದ ಸಾಧಾರಣ ಪಿಚರ್‌ಗಳಿಗೂ ಉಸಿರು.

ಮೂವರಲ್ಲಿ ನನಗೆ ಸ್ಕೀನ್ಸ್ ಬೇಕು. ಕಾರಣ ಹೇಳುತ್ತೇನೆ. 1.97 ಇಆರ್‌ಎ ಇಟ್ಟುಕೊಂಡು, ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದೂ, ಅವರ ಲೆಕ್ಕ 10 ಗೆಲುವು, 10 ಸೋಲು. ಪಿಟ್ಸ್‌ಬರ್ಗ್ ಪೈರೇಟ್ಸ್ ಬ್ಯಾಟರ್‌ಗಳು ಅವರಿಗೆ ರನ್ ಮಾಡಿಕೊಡಲಿಲ್ಲ. ಕ್ರೋಶೆಗೆ 18 ಗೆಲುವು ಸಿಕ್ಕಿತು. ಹರಾಜಿನಲ್ಲಿ ಆ 10ನ್ನು ನೋಡಿ ಎರಡು ಮೂರು ಡಾಲರ್ ಹಿಂದೆ ಸರಿಯುವವರು ಇದ್ದೇ ಇರುತ್ತಾರೆ. ಗೆಲುವು ಪಿಚರ್ ಒಬ್ಬನ ಕೈಯಲ್ಲಿಲ್ಲ. ಸ್ಟ್ರೈಕ್‌ಔಟ್, ವಾಕ್ ಅವನ ಕೈಯಲ್ಲಿವೆ. ಅವನ ಕೈಯಲ್ಲಿ ಇರುವುದಕ್ಕೆ ದುಡ್ಡು ಕೊಡಿ. ನಾನು 38 ಡಾಲರ್ ತನಕ ಹೋಗುತ್ತೇನೆ. ನಿಮ್ಮ ಮನೆಯವರಿಗೂ ನಿಮಗೂ ಅರ್ಧರ್ಧ ಗೆಲುವು ಅಂತ ಇಟ್ಟುಕೊಳ್ಳಿ.

ಪ್ರಶ್ನೆ: ಕ್ಲೋಸರ್‌ಗೆ ಹಣ ಹಾಕುವುದು ದಂಡ ಅಂತಾರಲ್ಲ? (ಓದುಗರು, ಸ್ಯಾನ್ ಡಿಯೇಗೊ)

ಕ್ಲೋಸರ್ ಅಂದರೆ ಕೊನೆಯ, ಒಂಬತ್ತನೇ ಇನ್ನಿಂಗ್ಸಿಗೆ ಬಂದು ಸೇವ್ ತರುವ ಪಿಚರ್. ಒಬ್ಬನಿಗೆ ಹಾಕಿ. ಸೇವ್ ಕಾಲಂಗೂ ಹೋಮ್‌ರನ್ನಿನಷ್ಟೇ 12 ಅಂಕ. ನೋಡಬೇಕಾದದ್ದು ಕೈಚಳಕಕ್ಕಿಂತ ಕೆಲಸ ಗಟ್ಟಿ ಇದೆಯಾ ಅನ್ನುವುದು. ನಿಮ್ಮೂರಿನ ಪ್ಯಾಡ್ರೆಸ್‌ನಲ್ಲಿ ಕಳೆದ ವರ್ಷ ಆ ಕೆಲಸಕ್ಕೆ ರಾಬರ್ಟ್ ಸುವಾರೆಜ್ ಇದ್ದರು. ಅವರು ಬ್ರೇವ್ಸ್‌ಗೆ ಹೋದ ಮೇಲೆ ಒಂಬತ್ತನೇ ಇನ್ನಿಂಗ್ಸ್ ನನ್ನ ಕೀಪರ್ ಮಿಲ್ಲರ್‌ಗೆ ಬಂತು. ಅದಕ್ಕೇ ನನ್ನ 12 ಡಾಲರ್ ಈಗ ಬಹಳ ಅಗ್ಗ. ಎಡ್ವಿನ್ ಡಿಯಾಜ್ ಡಾಡ್ಜರ್ಸ್ ಸೇರಿದ್ದಾರೆ, ಅವರ ಬೆಲೆ ಏರುತ್ತದೆ. ಎರಡನೇ ಕ್ಲೋಸರ್‌ನನ್ನು ಮೇ ತಿಂಗಳಲ್ಲಿ ಹುಡುಕಿ. ಅಷ್ಟರಲ್ಲಿ ನಾಲ್ಕೈದು ತಂಡದಲ್ಲಿ ಆ ಕೆಲಸ ಕೈ ಬದಲಾಗಿರುತ್ತದೆ.

ಪ್ರಶ್ನೆ: ಶೊಹೆಯ್ ಒಟಾನಿ ಬ್ಯಾಟರಾ, ಪಿಚರಾ? ಎರಡಕ್ಕೂ ಸೇರಿಸಿ ಬೆಲೆ ಕಟ್ಟಬೇಕಾ? (ಓದುಗರು, ಲಾಸ್ ಏಂಜಲಿಸ್)

ಇದು ನಿಮ್ಮ ಲೀಗಿನ ನಿಯಮಕ್ಕೆ ಬಿಟ್ಟದ್ದು. ಕೆಲವು ಕಡೆ ಅವರನ್ನು ಎರಡು ಆಟಗಾರರಾಗಿ ಒಡೆದಿರುತ್ತಾರೆ, ಇಬ್ಬರು ಬೇರೆ ಬೇರೆ ಮಾಲೀಕರು ಕೊಳ್ಳಬಹುದು. ಕೆಲವು ಕಡೆ ಒಬ್ಬರೇ, ಯಾವ ದಿನ ಯಾವ ಜಾಗದಲ್ಲಿ ಹಾಕುತ್ತೀರೋ ಅದರ ಲೆಕ್ಕ ಮಾತ್ರ ಬರುತ್ತದೆ. ವಾರಕ್ಕೊಮ್ಮೆ ತಂಡ ಕಟ್ಟುವ ಲೀಗ್ ಆದರೆ ಬರೀ ಬ್ಯಾಟರ್ ಅಂತಲೇ ಬೆಲೆ ಕಟ್ಟಿ. 2025ರಲ್ಲಿ 55 ಹೋಮ್‌ರನ್, 146 ರನ್. ಪಿಚಿಂಗ್ ಜೂನ್‌ನಲ್ಲಿ ಶುರು ಮಾಡಿ 47 ಇನ್ನಿಂಗ್ಸ್ ಎಸೆದರು, 62 ಸ್ಟ್ರೈಕ್‌ಔಟ್. ಬ್ಯಾಟ್ ಒಂದಕ್ಕೇ ಅವರು ಮೊದಲ ಇಬ್ಬರಲ್ಲಿ ಒಬ್ಬರು. ಆ ಇನ್ನೊಬ್ಬರು ಏರನ್ ಜಡ್ಜ್, 53 ಹೋಮ್‌ರನ್ ಜೊತೆಗೆ .331.

ಪ್ರಶ್ನೆ: ಪ್ರತಿ ಸಲ ಹರಾಜಿನ ಕೊನೆಗೆ ಐದು ಜಾಗ, ಐದು ಡಾಲರ್ ಉಳಿಯುತ್ತದೆ. ಆ ಹೊತ್ತಿಗೆ ಕೈ ಸೋತಿರುತ್ತದೆ, ಬಾಯಿಗೆ ಬಂದ ಹೆಸರು ಹೇಳಿಬಿಡುತ್ತೇನೆ. ಏನು ಮಾಡಲಿ? (ಓದುಗರು, ಸಿಯಾಟಲ್)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಯಾರೂ ಇದನ್ನು ಕೇಳಲ್ಲ.

ಒಂದು ವರ್ಷ ನಾನು ಲೀಗ್ ಸೋತದ್ದು ಅರ್ಧ ಅಂಕಕ್ಕೆ. ಸ್ಟೀಲ್ ಕಾಲಂನಲ್ಲಿ ನನ್ನದು 131, ಪಕ್ಕದ ತಂಡದ್ದೂ 131, ಇಬ್ಬರಿಗೂ ಅಂಕ ಹಂಚಿಕೆ ಆಯಿತು. ಕೊನೆಯ ಭಾನುವಾರ ನನ್ನ ಒಂದು ಡಾಲರ್ ಔಟ್‌ಫೀಲ್ಡರ್‌ನನ್ನು ನಾನು ಲೆಕ್ಕಕ್ಕೆ ಸೇರಿಸದೆ ನನ್ನ ಬೆಂಚಿನಲ್ಲಿ ಇಟ್ಟಿದ್ದೆ. ಅವತ್ತು ಅವನು ಎರಡು ಸ್ಟೀಲ್ ಮಾಡಿದ. ನಾನು ಹಾಕಿದ್ದರೆ 133. ಅವತ್ತಿನಿಂದ ಒಂದು ಡಾಲರಿನ ಸಾಲುಗಳನ್ನು 30 ಡಾಲರಿನ ಸಾಲಿನಷ್ಟೇ ಗಮನ ಕೊಟ್ಟು ಬರೆಯುತ್ತೇನೆ.

ಹೀಗೆ ಮಾಡಿ. ಹರಾಜಿಗೆ ಮುಂಚೆಯೇ ಬೇರೆ ಹಾಳೆಯಲ್ಲಿ 15 ಹೆಸರು ಬರೆದಿಡಿ. ಪ್ರತಿ ಹೆಸರಿನ ಮುಂದೆ ಒಂದೇ ಪದ: ಅವನು ಯಾವ ಕಾಲಂಗೆ ಕೆಲಸಕ್ಕೆ ಬರುತ್ತಾನೆ. ಅದರಲ್ಲಿ ಕೆಲಸ ಖಾತ್ರಿ ಇರುವವರು ಹತ್ತು ಜನ ಇರಲಿ, ಸೊಗಸಿಲ್ಲದಿದ್ದರೂ ದಿನಾ ಆಡುವವರು. ಉಳಿದ ಐದು ಜನ ಅದೃಷ್ಟ ಪರೀಕ್ಷೆಗೆ, ಪೆಟ್ಟಿನಿಂದ ಎದ್ದು ಬರುತ್ತಿರುವವರು ಅಥವಾ ಇನ್ನೂ ಕೆಳಗಿನ ಹಂತದ ಮೈನರ್ ಲೀಗಿನಲ್ಲಿ ಇರುವವರು. ಎರಡನೇ ಕ್ಯಾಚರ್‌ಗೆ ಮಾತ್ರ ಒಂದು ಡಾಲರಿಗಿಂತ ಜಾಸ್ತಿ ಕೊಡಬೇಡಿ. ಮತ್ತೆ, ಕೊನೆಯ ಸುತ್ತಿನಲ್ಲಿ ಎರಡು ಡಾಲರ್ ಅನ್ನಬಲ್ಲವನೇ ರಾಜ. ಉಳಿದವರೆಲ್ಲ ಒಂದಕ್ಕೆ ನಿಂತಿರುವಾಗ ನಿಮಗೆ ಬೇಕಾದವನು ನಿಮಗೇ ಸಿಗುತ್ತಾನೆ. ಅದಕ್ಕಾಗಿ ಮಧ್ಯದ ಸುತ್ತಿನಲ್ಲೇ ಐದು ಡಾಲರ್ ಎತ್ತಿಡಿ.

ಈ ವರ್ಷ ನನ್ನ 15ರ ಹಾಳೆಯಲ್ಲಿ 11 ಹೆಸರು ಆಗಿದೆ. ಇನ್ನು ನಾಲ್ಕಕ್ಕೆ ಇವತ್ತು ರಾತ್ರಿ ಅರಿಜೋನಾದ ಪಂದ್ಯ ನೋಡಬೇಕು.